ಬೇಲಿಯ ಕಳ್ಳಿ ಕಿಟಕಿಯಲ್ಲಿ

ಮೇರಿಲ್ಯಾಂಡಿನ ನಮ್ಮ ಮನೆಯ ಕಿಟಕಿಯಲ್ಲಿ ಒಂದು ಜುಟ್ಟುಗಳ್ಳಿ ಇತ್ತು. ಅಂಗಡಿಯವರು ‘ಕೋರಲ್ ಕ್ಯಾಕ್ಟಸ್’ ಎನ್ನುವ ಇದು ಕ್ಯಾಕ್ಟಸ್ಸೇ ಅಲ್ಲ, ಯುಫೋರ್ಬಿಯಾ ಲ್ಯಾಕ್ಟಿಯಾ. ಕುಡಿ ಒಂದೇ ಬಿಂದುವಿನಿಂದ ಬೆಳೆಯದೆ ಗೆರೆಯಾಗಿ ಹರಡಿದಾಗ ಬೀಸಣಿಗೆಯಂತೆ ಮಡಿಕೆ ಬೀಳುತ್ತದೆ. ನಮ್ಮೂರ ಕೋಳಿಜುಟ್ಟಿನ ಹೂವಿನದೂ ಇದೇ ಕಥೆ!

ಜನವರಿಯಲ್ಲಿ ಪಾಪವೆಂದು ಮೇಲಿಂದಲೇ ನೀರು ಹೊಯ್ದೆ. ಮಡಿಕೆಯಲ್ಲಿ ನೀರು ನಿಂತು ಜುಟ್ಟು ಕೊಳೆತುಹೋಯಿತು.

ಮೇ ತಿಂಗಳಲ್ಲಿ ತಿಪಟೂರಿನಿಂದ ಅಮ್ಮ ಬಂದಳು. ಬುಡವನ್ನು ಎಸೆಯಲು ಹೊರಟಿದ್ದೆ. “ತಡಿಯೋ, ಚಿಗುರಿದೆ. ಇದು ನಮ್ಮ ಬೇಲಿಯ ಎಲೆಗಳ್ಳಿ ಕಣೋ!” ಎಂದಳು. ನೋಡಿದರೆ ನಿಜ. ಜುಟ್ಟುಗಳ್ಳಿಯನ್ನು ಸಾಮಾನ್ಯವಾಗಿ ಎಲೆಗಳ್ಳಿಯ ಕಾಂಡಕ್ಕೇ ಕಸಿ ಕಟ್ಟುತ್ತಾರಂತೆ. ಜುಟ್ಟಿನ ಬಲ ಕುಗ್ಗದಿರಲೆಂದು ಇಷ್ಟು ವರ್ಷ ನಾನು ಚಿವುಟಿ ಎಸೆದದ್ದು ನಮ್ಮೂರ ಚಿಗುರನ್ನೇ.

ಅಮ್ಮ ಈಗಿಲ್ಲ. ಎಲೆಗಳ್ಳಿ ಎದೆಯೆತ್ತರ ಬೆಳೆದಿದೆ.

ನೀವೂ ಜುಟ್ಟುಗಳ್ಳಿ ಸಾಕುವುದಾದರೆ, ಮಣ್ಣು ಒಣಗಿದ ಮೇಲೆ ಬುಡಕ್ಕೆ ಮಾತ್ರ ನೀರು ಹಾಕಿ. ಹಿಮ ಬೀಳುವ ಮೊದಲೇ ಒಳಗಿಡಿ. ಅದರ ಹಾಲು ಕಣ್ಣಿಗೆ ತಾಗದಂತೆ ಜೋಪಾನ. ಎಲೆಗಳ್ಳಿಯ ತುಂಡು ಬೇಕಾದವರು ಹೇಳಿ, ಯುಗಾದಿ ಕೂಟಕ್ಕೆ ತರುತ್ತೇನೆ.