ಪರದೇಶಿಗಳ ಬೀದಿಯಲ್ಲಿ ಸ್ಪೇನ್

ಕೊಚ್ಚಿಯ ಮಟ್ಟಾಂಚೇರಿ, ಭಾನುವಾರ. ಜ್ಯೂ ಟೌನ್ ಬೀದಿಯಲ್ಲಿ ಮೂಗಿಗೆ ಮೊದಲು ಸಿಕ್ಕಿದ್ದು ಶುಂಠಿ, ಆಮೇಲೆ ಏಲಕ್ಕಿ. ಸ್ಪೇನ್ ಇನ್ನೂ ಸಿಕ್ಕಿಲ್ಲ. ರಜೆಗೆ ಅಲ್ಲಿಗೇ ಹೋಗುವಷ್ಟು ಪಗಾರ ನನಗಿಲ್ಲ. ಅಲ್ಲಿಂದ ಓಡಿಬಂದ ಯಹೂದಿಗಳು ಇಲ್ಲಿದ್ದರಲ್ಲ ಎಂದು ಎರ್ನಾಕುಳಂನಲ್ಲಿ ಬೋಟು ಹತ್ತಿದೆ. (ಪಗಾರ ಕೂಡ ಪೋರ್ಚುಗೀಸರು ಬಿಟ್ಟುಹೋದ ಪದ. ಸ್ಪ್ಯಾನಿಷ್‌ನಲ್ಲೂ 'ಪಗಾರ್' ಎಂದರೆ ಹಣ ಕೊಡುವುದು. ಕಿಸೆಯಲ್ಲೇ ಇತ್ತು, ಗಮನಿಸಿರಲಿಲ್ಲ.)

ಯಹೂದಿಗಳ ಪ್ರಾರ್ಥನಾಮಂದಿರ ಪರದೇಶಿ ಸಿನಗಾಗ್, ಕಟ್ಟಿದ್ದು 1568. ಹೆಸರು ಓದಿ ನಗು ಬಂತು. ನಮ್ಮಜ್ಜಿಯ ಬಾಯಲ್ಲಿ ಪರದೇಶಿ ಎಂದರೆ ಹಿಂದುಮುಂದಿಲ್ಲದವನು, ಬೈಗುಳ. ಇಲ್ಲಿ ಅದೇ ದೊಡ್ಡಸ್ತಿಕೆ. ಶತಮಾನಗಳ ಮೊದಲೇ ಬಂದು ನೆಲೆಸಿದ್ದ ಮಲಬಾರಿ ಯಹೂದಿಗಳನ್ನು ಈ ಪರದೇಶಿಗಳು ತಮ್ಮ ಸಮಕ್ಕೆ ಎಣಿಸಲಿಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದವರ ವಂಶದ ವಕೀಲ ಎ. ಬಿ. ಸೇಲಂ, ಒಳಗೆ ಸಮಾನ ಜಾಗಕ್ಕಾಗಿ ಸತ್ಯಾಗ್ರಹ ಮಾಡಬೇಕಾಯಿತು. ಓಡಿಸಿಕೊಂಡು ಬಂದವರಿಗೆ ಇದೆಲ್ಲ ಹೇಗೆ ಮನಸ್ಸಿಗೆ ಬರುತ್ತದೋ!

ಒಳಗೆ ಹುಡುಕಿದೆ. ಕಾಲಡಿಯ ನೀಲಿ-ಬಿಳಿ ಹಾಸು ಚೀನಾದ್ದು. ತಲೆಯ ಮೇಲಿನ ಗಾಜಿನ ದೀಪ ಬೆಲ್ಜಿಯಂನದು. ಚಪ್ಪಲಿ ಹೊರಗೆ ಬಿಡುವ ಪದ್ಧತಿ ಪಕ್ಕದ ಅರಮನೆಯ ಭಗವತಿ ಗುಡಿಯಲ್ಲೂ ಉಂಟು. ಕೊನೆಗೆ ಕೈಗೆ ಸಿಕ್ಕಿದ್ದು ಒಂದು ಮನೆತನದ ಹೆಸರು: ಕಾಸ್ತಿಯೆಲ್. ಸ್ಪೇನಿನ ಕಾಸ್ತೀಲ್ ಸೀಮೆಯನ್ನು ನೆನಪಿಸುವ ಹೆಸರು. ಊರು ಬಿಡಿಸಿದವರ ಊರನ್ನೇ ಹೆಸರಾಗಿ ಹೊತ್ತು ತಿರುಗುವುದೆಂದರೆ!

ಮಧ್ಯಾಹ್ನ. ಕೊಚ್ಚಿಯ ಯಹೂದಿ ಮನೆಗಳಲ್ಲಿ 'ಪಾಸ್ಟೆಲ್' ಎಂಬ ಸ್ಪ್ಯಾನಿಷ್ ಹೆಸರಿನ ತಿಂಡಿ ಮಾಡುತ್ತಿದ್ದರು, ಕರ್ಜಿಕಾಯಿ ಆಕಾರದ್ದು, ಒಳಗೆ ಖಾರದ ಹೂರಣ. ಮೂರು ಅಂಗಡಿಯಲ್ಲಿ ಕೇಳಿದೆ. ಮೂರನೆಯವನು, "ಚೇಟ್ಟಾ, ಎಲ್ಲಾ ಒಂದೇ" ಎಂದು ಸಮೋಸಾ ಕೊಟ್ಟ. ತಿಂದೆ. ಪಾಸ್ಟೆಲ್ ಎಂಬ ಪದ ಪೋರ್ಚುಗೀಸರಲ್ಲೂ ಇದೆಯಾದ್ದರಿಂದ ಸಿಕ್ಕಿದ್ದರೂ ಸ್ಪೇನಿನ ಲೆಕ್ಕಕ್ಕೆ ಪೂರ್ತಿ ಬರೆಯುವಂತಿರಲಿಲ್ಲ.

ತಲೆ ಕೆಡಿಸಿದ್ದು ಇದು. 1492ರಲ್ಲಿ ಯಹೂದಿಗಳನ್ನು ಸ್ಪೇನಿನಿಂದ ಹೊರಹಾಕಿದವರು ಇಸಬೆಲ್ಲಾ ಮತ್ತು ಫರ್ಡಿನಂಡ್. ಅವರ ಮರಿಮಗ ಎರಡನೇ ಫಿಲಿಪ್ 1580ರಲ್ಲಿ ಪೋರ್ಚುಗಲ್ಲಿಗೂ ರಾಜನಾದ. 1640ರವರೆಗೆ, ಅಂದರೆ 60 ವರ್ಷ, ಎರಡೂ ದೇಶಕ್ಕೆ ಒಬ್ಬನೇ ದೊರೆ. ಆಗ ಕೊಚ್ಚಿಯ ಪೋರ್ಚುಗೀಸ್ ಕೋಟೆಯೂ ಆ ಮನೆತನದ್ದೇ! ಅಟ್ಟಿದವರೂ ಅಟ್ಟಿಸಿಕೊಂಡವರೂ ಆಟೋದಲ್ಲಿ ಹತ್ತು ನಿಮಿಷದ ದೂರದಲ್ಲಿ. ನಡುವೆ ಇದ್ದದ್ದು ಕೊಚ್ಚಿ ರಾಜನ ಆಸರೆಯೊಂದೇ. ಸಿನಗಾಗಿಗೆ ತನ್ನ ಅರಮನೆಯ ಮಗ್ಗುಲಲ್ಲೇ ಜಾಗ ಕೊಟ್ಟಿದ್ದ. 1662ರಲ್ಲಿ ಪೋರ್ಚುಗೀಸರು ಆ ಸಿನಗಾಗನ್ನು ಹಾಳುಗೆಡವಿದರು; ಡಚ್ಚರು ಬಂದ ಮೇಲೆ ಮತ್ತೆ ಎದ್ದಿತು.

ಸಂಜೆ, ಹತ್ತಿರದ ಚೆರ್ಲಾಯಿ. ತಿರುಮಲ ದೇವಸ್ವಂ ಗುಡಿಯ ಹತ್ತಿರ ಕಿವಿಗೆ ಕೊಂಕಣಿ ಬಿತ್ತು. ಮಂಗಳೂರಿನ ಧಾಟಿಯಲ್ಲ, ಆದರೂ 'ಯೋ, ಬೈಸ' (ಬಾ, ಕೂತುಕೋ) ತಿಳಿಯಿತು. ಇವರ ಹಿರಿಯರೂ ಪೋರ್ಚುಗೀಸರ ಕಾಟಕ್ಕೆ ಗೋವಾ ಬಿಟ್ಟವರು. ಸ್ಪೇನ್ ಹುಡುಕಿ ಬಂದವನಿಗೆ ಸಿಕ್ಕಿದ್ದು ಮಂಗಳೂರಿನ ರಥಬೀದಿಯ ಮಾಯಿ!

ಕೊನೆಗೊಂದು. ಶನಿವಾರದ ಸಬ್ಬತ್ತಿನ ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಕೂಡಬೇಕು. ಹೆಚ್ಚಿನವರು ಇಸ್ರೇಲಿಗೆ ಹೋದ ಮೇಲೆ ಈ ಬೀದಿಯಲ್ಲಿ ಅಷ್ಟು ಪರದೇಶಿಗಳಿಲ್ಲ. ಆದರೂ ಶನಿವಾರ ನೋಡುಗರಿಗೆ ಬಾಗಿಲು ಮುಚ್ಚೇ ಇರುತ್ತದೆ. ನಿನ್ನೆ ನಾನು ಬರಿಗೈಲಿ ವಾಪಸಾದೆ. ನೀವು ತೆರೆದಿರುವ ದಿನ ಕೇಳಿಕೊಂಡು ಹೋಗಿ.