ಬಿಟ್ಟುಹೋದ ಬೀದಿಗಳು

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಸೊಪ್ಪಿನ ಬುಟ್ಟಿ ಹೊತ್ತು ಮಾರುವ ನನ್ನ ತಾಯಿ ಯಾವ ಕೇರಿಯನ್ನೂ ಬಿಟ್ಟವಳಲ್ಲ. ಆದುದರಿಂದಲೇ ಅಮೆರಿಕದ ಕೋಜ್ಮೋ ಸಂಸ್ಥೆಯ ಕಥೆ ನನ್ನನ್ನು ಕಾಡಿತು.

1998ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈ ಸಂಸ್ಥೆ, ಅಂತರ್ಜಾಲದ ಮೂಲಕ ಕೇಳಿದ ಪದಾರ್ಥವನ್ನು ಒಂದು ಗಂಟೆಯೊಳಗೆ ಮನೆಗೆ ಮುಟ್ಟಿಸುತ್ತಿತ್ತು; ಸಾಗಣೆಗೆ ಬಿಡಿಗಾಸೂ ಕೇಳುತ್ತಿರಲಿಲ್ಲ. ಆದರೆ ಕಪ್ಪು ಜನರ ಬೀದಿಗಳನ್ನು ದೂರವಿಟ್ಟಿತೆಂದು 2000ದಲ್ಲಿ ವಾಷಿಂಗ್ಟನ್ನಿನಲ್ಲಿ ಮೊಕದ್ದಮೆ ಎದುರಿಸಬೇಕಾಯಿತು. ಅಂತರ್ಜಾಲದ ಬಳಕೆ ಹೆಚ್ಚಿರುವಲ್ಲಿಗೆ ಹೋಗುತ್ತೇವೆಂಬುದು ಸಂಸ್ಥೆಯ ಸಮಾಧಾನ. ಅದೇ ವರ್ಷ, ಕಾಫಿ ವ್ಯಾಪಾರದ ದೈತ್ಯನಾದ ಸ್ಟಾರ್‌ಬಕ್ಸಿನ ಅಂಗಡಿಗಳಲ್ಲಿ ತನ್ನ ಪೆಟ್ಟಿಗೆಗಳನ್ನಿರಿಸಲು ಐದು ವರ್ಷಗಳಲ್ಲಿ 15 ಕೋಟಿ ಡಾಲರು ತೆರಲು ಅದು ಒಪ್ಪಿತು. ಗಳಿಕೆಗಿಂತ ವೆಚ್ಚವೇ ಮಿಗಿಲಾಗಿ 2001ರ ಏಪ್ರಿಲಿನಲ್ಲಿ ಬಾಗಿಲು ಮುಚ್ಚಿತು.

ಹಾಸಿಗೆ ಇದ್ದಷ್ಟು ಕಾಲು ಚಾಚದೆ, ದೊಡ್ಡವರ ನೆರಳನ್ನು ನಂಬಿ, ಕೇರಿಯ ಗಿರಾಕಿಯನ್ನು ಮರೆತರೆ ವ್ಯಾಪಾರ ನಿಂತೀತೆ? ಮಿತ್ರರೇ, ಪದವಿ ಪಡೆದು ಹೊರಡಲಿರುವ ನಾವೂ ನಾಳೆ ಯಾರ ಬೀದಿಗಳನ್ನು ಬಿಟ್ಟುಹೋಗುವೆವು?