ಮೂವತ್ತೆಂಟು ಅಂಕದ ಕಾರು

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು, ನಮ್ಮೂರ ಡಾಕ್ಟರರ ಬಳಿ ಬೂದುಬಣ್ಣದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರೊಂದಿತ್ತು. ಮಳೆಗಾಲದಲ್ಲಿ ಅದನ್ನು ತಳ್ಳದ ಹುಡುಗನೇ ನಮ್ಮ ಶಾಲೆಯಲ್ಲಿರಲಿಲ್ಲ. ಕಾರುಗಳೊಡನೆ ನನಗಿದ್ದ ಸಂಬಂಧವೂ ಅಷ್ಟೇ. ನಿವೃತ್ತನಾಗುವವರೆಗೂ ನಾನು ಸೈಕಲ್ ಮೇಷ್ಟ್ರು. ಅಂಥವನು ಇಂದು ಕಾರೊಂದರ ಬಗ್ಗೆ ಬರೆಯಹೊರಟಿದ್ದೇನೆ, ನಗಬೇಡಿ.

2018ರ ಬೇಸಿಗೆಯನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಮಗನ ಮನೆಯಲ್ಲಿ ಕಳೆದೆ. ಪಕ್ಕದ ಮನೆಯಲ್ಲಿ ಅರವತ್ತೈದರ ಆಸುಪಾಸಿನ ಆಸ್ಟ್ರೇಲಿಯದವರೊಬ್ಬರಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ಗ್ಯಾರೇಜಿನಿಂದ ಉದ್ದನೆಯ ಹಸಿರು ಕಾರೊಂದನ್ನು ಹೊರತಂದು, ನಮ್ಮ ಕಡೆ ಎತ್ತಿನ ಮೈ ತೊಳೆಯುವಷ್ಟು ನಿಧಾನವಾಗಿ ಒರೆಸುತ್ತಿದ್ದರು. ಬೇಲಿಯಾಚೆಯಿಂದ ನೋಡುತ್ತ ನಿಂತ ನನ್ನನ್ನು ಒಂದು ದಿನ ಅವರೇ ಕರೆದರು.

ಅದು ಲೇಲ್ಯಾಂಡ್ ಪಿ76. ಬ್ರಿಟಿಷ್ ಲೇಲ್ಯಾಂಡ್ ಕಂಪನಿಯ ಆಸ್ಟ್ರೇಲಿಯ ಶಾಖೆ 1973ರಲ್ಲಿ ಹೊರತಂದ ಕಾರು. ಅದರ ರೂಪವನ್ನು ರಚಿಸಿದವರು ಇಟಲಿಯ ಜೊವಾನಿ ಮಿಕೆಲೊಟ್ಟಿ. ನಮ್ಮ ಡಾಕ್ಟರರ ಹೆರಾಲ್ಡಿಗೆ ರೂಪ ಕೊಟ್ಟವರೂ ಅವರೇ ಎಂದು ತಿಳಿದಾಗ, ಪರದೇಶದಲ್ಲಿ ನಮ್ಮೂರ ನೆಂಟರನ್ನು ಕಂಡಂತಾಯಿತು. ಡಿಕ್ಕಿಯಲ್ಲಿ 44 ಗ್ಯಾಲನ್ನಿನ ಪೀಪಾಯಿ ಹಿಡಿಸುತ್ತದೆಂಬುದು ಆ ಕಾರಿನ ಹೆಗ್ಗಳಿಕೆ. ಬಣ್ಣಗಳಿಗೂ ವಿಚಿತ್ರ ಹೆಸರುಗಳು. ಇವರದು ‘ಹೇರಿ ಲೈಮ್’, ಅಂದರೆ ಕೂದಲು ಬೆಳೆದ ನಿಂಬೆ!

ಆ ವರ್ಷ ಅಲ್ಲಿಯ ‘ವೀಲ್ಸ್’ ಪತ್ರಿಕೆ ಅದಕ್ಕೆ ವರ್ಷದ ಕಾರು ಎಂಬ ಗೌರವ ಕೊಟ್ಟಿತು. ಆದರೆ ತಯಾರಿಕೆಯಲ್ಲಿ ಅವಸರ, ಮುಷ್ಕರಗಳು, ಅದೇ ವರ್ಷ ಬಂದೆರಗಿದ ತೈಲ ಬಿಕ್ಕಟ್ಟು. ಬಾಗಿಲ ಸಂದಿಗಳಲ್ಲಿ ನೀರು ಸೋರುತ್ತದೆಂಬ ದೂರು ಬೇರೆ. 76ರ ಅರ್ಧ 38 ಎಂದು ಜನ ಅದನ್ನು ‘ಪಿ38’ ಎಂದು ಕರೆದು ನಕ್ಕರು. ಅರ್ಧ ಕಾರು ಎಂದು ಅರ್ಥ. ಸುಮಾರು 18,000 ಕಾರುಗಳಾಗುವಷ್ಟರಲ್ಲಿ, 1974ರಲ್ಲಿ, ಸಿಡ್ನಿಯ ಜೆಟ್‌ಲೆಂಡ್ ಕಾರ್ಖಾನೆಯನ್ನೇ ಮುಚ್ಚುವ ತೀರ್ಮಾನವಾಯಿತು. ನನ್ನ ನೆರೆಯವರ ತಂದೆ ಅಲ್ಲಿ ಬಾಗಿಲುಗಳಿಗೆ ರಬ್ಬರ್ ಪಟ್ಟಿ ಕೂರಿಸುವ ಕೆಲಸದಲ್ಲಿದ್ದರು.

“ಅಪ್ಪ ಕೊನೆಯ ತಿಂಗಳುಗಳಲ್ಲಿ ಈ ಕಾರನ್ನು ಕೊಂಡರು. ಕೆಲಸ ಹೋಯಿತು, ಕಾರು ಉಳಿಯಿತು. ಜನ ಸೋರುವ ಕಾರು ಎಂದು ನಗುವಾಗ ಅವರು ಸುಮ್ಮನೆ ನೆಲ ನೋಡುತ್ತಿದ್ದರು. ಅದನ್ನು ನೋಡುತ್ತಲೇ ನಾನು ದೊಡ್ಡವನಾದೆ” ಎಂದರು.

ತಂದೆ ತೀರಿಕೊಂಡಾಗ ಇವರು ಇಂಗ್ಲೆಂಡಿನಲ್ಲಿ ನೆಲೆಸಿ ಆಗಲೇ ಬಹಳ ವರ್ಷವಾಗಿತ್ತು. ಕಾರನ್ನು ಹಡಗಿನಲ್ಲಿ ತರಿಸಲು ಅದರ ಬೆಲೆಗಿಂತ ಹೆಚ್ಚು ಹಣ ಬೇಕಾಯಿತಂತೆ. ಹೆಂಡತಿ ಒಂದು ವಾರ ಮಾತು ಬಿಟ್ಟರಂತೆ. (ಆಕೆಯ ಪಕ್ಷವೂ ನ್ಯಾಯವೇ.) ಎಂಜಿನ್ನಿನ ಚಿಂತೆ ಅಷ್ಟಾಗಿ ಇಲ್ಲ, 4.4 ಲೀಟರಿನ ಆ ವಿ8 ಎಂಜಿನ್ ಇಲ್ಲಿಯ ರೋವರಿನ 3.5 ಲೀಟರ್ ಎಂಜಿನ್ನಿನ ದಾಯಾದಿ. ಗಾಜು, ರಬ್ಬರುಗಳು ಮಾತ್ರ ಆ ದೇಶದಲ್ಲಿ ಸಿಗುವಂತಿಲ್ಲ. ಸಿಡ್ನಿಯಿಂದ ತರಿಸಿದ ಮುಂಗಾಜೊಂದು ಅವರ ಮಂಚದಡಿಯಲ್ಲಿ ಕಂಬಳಿ ಹೊದ್ದು ಮಲಗಿತ್ತು.

ಮತ್ತೊಂದು ಭಾನುವಾರ ನನ್ನನ್ನು ಕೂರಿಸಿಕೊಂಡು ಲಾಂಗ್‌ಬ್ರಿಜ್ ಕಡೆ ಹೊರಟರು. ಒಂದು ಕಾಲದಲ್ಲಿ ಬ್ರಿಟಿಷ್ ಲೇಲ್ಯಾಂಡಿನ ದೊಡ್ಡ ಕಾರ್ಖಾನೆ ಅಲ್ಲಿತ್ತು. ಕೈಬದಲಾಗುತ್ತ ಬಂದ ಆ ಉದ್ಯಮ 2005ರಲ್ಲಿ ಕುಸಿದು ಸಾವಿರಾರು ಜನ ಕೆಲಸ ಕಳೆದುಕೊಂಡರು. ಅಷ್ಟೇಕೆ, 2017ರ ಅಕ್ಟೋಬರಿನಲ್ಲಿ ಹೋಲ್ಡನ್ ಕಾರ್ಖಾನೆ ನಿಂತ ಮೇಲೆ ಆಸ್ಟ್ರೇಲಿಯದಲ್ಲೇ ದೊಡ್ಡ ಪ್ರಮಾಣದ ಕಾರು ತಯಾರಿಕೆ ಮುಗಿದಿತ್ತು.

“ನಿಮ್ಮ ತಂದೆಯ ಕೆಲಸ ಕಳೆದ ಕಂಪನಿಯ ಮೂಲವೇ ಹೀಗಾದಾಗ ಸಮಾಧಾನವಾಗಲಿಲ್ಲವೆ?” ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

“ಇಲ್ಲ. ಇಲ್ಲಿಯೂ ಬಾಗಿಲಿಗೆ ರಬ್ಬರ್ ಕೂರಿಸುವವನು ಒಬ್ಬನಿದ್ದನಲ್ಲ” ಎಂದರು.

ಮಾತು ಬದಲಿಸಲು, ನಮ್ಮ ಶಾಲೆಗಳಲ್ಲಿ ಮೂವತ್ತೈದಕ್ಕೇ ಪಾಸು, ಆದ್ದರಿಂದ ನಿಮ್ಮ ಪಿ38 ತೇರ್ಗಡೆಯಾದಂತೆಯೇ ಎಂದೆ. ಅವರು ಬಹಳ ಹೊತ್ತು ನಕ್ಕರು. ನನಗೆ ಮಾತ್ರ ನಗು ಅರ್ಧಕ್ಕೇ ನಿಂತಿತು. ಗಣಿತದಲ್ಲಿ ಮೂವತ್ತೆಂಟು ತೆಗೆದ ಹುಡುಗನೊಬ್ಬನ ಉತ್ತರಪತ್ರಿಕೆಯನ್ನು ತರಗತಿಯ ಮುಂದೆ ಎತ್ತಿ ಹಿಡಿದು, “ಇವನದು ಅರ್ಧ ಬುದ್ಧಿ” ಎಂದಿದ್ದೆ. ಇಡೀ ತರಗತಿ ನಕ್ಕಿತು. ಮಗನಿಗೆ ಬುತ್ತಿ ಕೊಡಲು ಬಂದಿದ್ದ ಅವನ ತಂದೆ ಬಾಗಿಲಲ್ಲೇ ನಿಂತಿದ್ದರು, ನೆಲ ನೋಡುತ್ತ. ಹೆಸರು ಬರೆಯುವುದಿಲ್ಲ. ಆ ಹುಡುಗ ಇದನ್ನು ಓದಿದರೆ ಅವನಿಗೆ ತಿಳಿಯುತ್ತದೆ.

ಹಿಂದಿರುಗುವಾಗ ಮಳೆ ಹಿಡಿಯಿತು. ನನ್ನ ಕಡೆಯ ಬಾಗಿಲಿನಿಂದ ಹನಿಗಳು ಮೊಣಕಾಲಿನ ಮೇಲೆ ಬೀಳತೊಡಗಿದವು. ಅವರು ದಾರಿಯಿಂದ ಕಣ್ಣು ತೆಗೆಯದೆ, ಸೀಟಿನ ಪಕ್ಕದಲ್ಲಿ ಅದಕ್ಕೆಂದೇ ಮಡಿಸಿಟ್ಟಿದ್ದ ಟವೆಲನ್ನು ನನ್ನ ಕೈಗಿತ್ತರು. ಇಡೀ ಕಾರಿನಲ್ಲಿ ಆ ಬಾಗಿಲುಗಳ ರಬ್ಬರನ್ನು ಮಾತ್ರ ಅವರು ಬದಲಾಯಿಸಿರಲಿಲ್ಲ.